ಚಳಿಗಾಲದ ಸೈಕಲ್ ಸವಾರಿ ಮತ್ತು ತೆರೆದ ಕಿವಿ: ಒಂದೇ ಪಾಠ, ಎರಡು ಸಲ

ಜಯಪುರದ ಸುತ್ತಮುತ್ತ ಡಿಸೆಂಬರ್, ಜನವರಿಯಲ್ಲಿ ಶಾಲೆಗೆ ಹೊರಡುವ ಹೊತ್ತಿಗೂ ಮಂಜು ಪೂರ್ತಿ ಕರಗಿರುವುದಿಲ್ಲ. ಅಡಿಕೆ ಮತ್ತು ಕಾಫಿ ಕೊಯ್ಲಿನ ಕಾಲವಾದ್ದರಿಂದ ಕೆಲಸದವರನ್ನು ಕರೆತರುವ ಜೀಪು, ಪಿಕಪ್‌ಗಳ ಓಡಾಟವೂ ಅದೇ ಹೊತ್ತಿಗೆ. ಇದೇ ಕಿರಿದಾದ ತಿರುವಿನ ರಸ್ತೆಗಳಲ್ಲಿ ಮಕ್ಕಳು ಸೈಕಲ್ ತುಳಿದು ಬರುತ್ತಾರೆ. ಎಂಟನೇ ತರಗತಿಯವರಿಗೆ ಉಚಿತ ಬೈಸಿಕಲ್ ಕೊಡುವ ರಾಜ್ಯದ ಯೋಜನೆ 2006-07ರಲ್ಲಿ ಆರಂಭವಾಯಿತು. ಅಕ್ಕ, ಅಣ್ಣಂದಿರಿಗೆ ಸಿಕ್ಕ ಆ ಸೈಕಲ್ಲುಗಳು ಕೆಲವು ಮನೆಗಳಲ್ಲಿ ಇನ್ನೂ ಓಡುತ್ತಿವೆ.

ಬೋಧನಾಭ್ಯಾಸದ ಅವಧಿಯಲ್ಲಿ ಎಂಟನೇ ತರಗತಿಗೆ ‘ಶಬ್ದ’ ಘಟಕ ಬೋಧಿಸುವಾಗ ಈ ಸವಾರಿಯನ್ನೇ ಉದಾಹರಣೆಯಾಗಿ ತೆಗೆದುಕೊಂಡೆ. ಆ ಪಾಠ ಮೊದಲ ಸಲ ಸೋತದ್ದು ಏಕೆ, ಎರಡನೆಯ ಸಲ ಏನು ಬದಲಿಸಿದೆ ಎಂಬುದು ಈ ಬರಹದ ವಿಷಯ.

ಮೊದಲ ಪಾಠ

“ಸೈಕಲ್ ಓಡಿಸುವಾಗ ಇಯರ್‌ಫೋನ್ ಹಾಕಿಕೊಂಡು ಹಾಡು ಕೇಳಬಾರದು” ಎಂದು ಕಪ್ಪುಹಲಗೆಯ ಮೇಲೆ ಬರೆದೆ. ಮಕ್ಕಳು ಬರೆದುಕೊಂಡರು. ಕೇಳಿದ ಪ್ರಶ್ನೆಗೆಲ್ಲ ಸರಿಯಾದ ಉತ್ತರವೇ ಬಂತು. ಗಂಟೆ ಹೊಡೆಯುವ ಹೊತ್ತಿಗೆ ಒಬ್ಬ ಹುಡುಗಿ ಎದ್ದು ನಿಂತಳು: “ಮೇಡಂ, ನನ್ನ ಹತ್ರ ಫೋನೇ ಇಲ್ಲ. ಆದ್ರೆ ಚಳಿಗೆ ಮಫ್ಲರ್ ಸುತ್ಕೊಂಡು ಬರ್ತೀನಿ, ನಂಗೂ ಹಿಂದಿನ ಗಾಡಿ ಸರಿಯಾಗಿ ಕೇಳ್ಸಲ್ಲ. ಅದನ್ನೂ ತೆಗೀಬೇಕಾ? ಕಿವಿನೋವು ಬರುತ್ತೆ.”

ನನ್ನಲ್ಲಿ ಉತ್ತರವಿರಲಿಲ್ಲ. ಮಾರ್ಗದರ್ಶಕ ಶಿಕ್ಷಕರು ವೀಕ್ಷಣಾ ಪುಸ್ತಕದಲ್ಲಿ ಬರೆದದ್ದು ಒಂದೇ ಸಾಲು: “ಈ ಪಾಠದಲ್ಲಿ ಮಕ್ಕಳು ಏನನ್ನು ಅಳೆದರು?”

ಮರುಯೋಜಿಸಿದ ಪಾಠ

ತರಗತಿ: 8. ವಿಷಯ: ವಿಜ್ಞಾನ. ಘಟಕ: ಶಬ್ದ. ಅವಧಿ: 40 ನಿಮಿಷ.

ಕಲಿಕಾ ಫಲ: ಕಿವಿ ಮುಚ್ಚಿದಾಗ ಶಬ್ದ ಎಷ್ಟು ತಡವಾಗಿ ತಿಳಿಯುತ್ತದೆ ಎಂಬುದನ್ನು ಮಕ್ಕಳು ಅಳೆಯುವರು, ಚಳಿಯನ್ನು ತಡೆದೂ ಕೇಳಿಸಿಕೊಳ್ಳುವ ಉಪಾಯವನ್ನು ತಾವೇ ಸೂಚಿಸುವರು.

ಸಾಮಗ್ರಿ: ಒಂದು ಸೈಕಲ್, ಅಳತೆ ಟೇಪು, ಮಫ್ಲರ್, ತೆಳು ಹತ್ತಿ ಬಟ್ಟೆ, ಶಿಕ್ಷಕರ ಫೋನ್ ಮತ್ತು ಇಯರ್‌ಫೋನ್.

ಚಟುವಟಿಕೆ 1. ಇದನ್ನು ಶಾಲೆಯ ಮೈದಾನದಲ್ಲೇ ಮಾಡಬೇಕು, ರಸ್ತೆಯಲ್ಲಿ ಬೇಡ. ಒಬ್ಬರು ಬೆನ್ನು ತಿರುಗಿಸಿ ನಿಲ್ಲಲಿ. ಇನ್ನೊಬ್ಬರು ದೂರದಿಂದ ಸೈಕಲ್ ತಳ್ಳಿಕೊಂಡು ಬೆಲ್ ಮಾಡದೆ ಬರಲಿ. ಸದ್ದು ಕೇಳಿದೊಡನೆ ನಿಂತವರು ಕೈ ಎತ್ತಬೇಕು. ಆಗಿನ ದೂರವನ್ನು ಅಳೆಯಬೇಕು. ತೆರೆದ ಕಿವಿ, ಹತ್ತಿ ಬಟ್ಟೆಯ ಒಂದು ಸುತ್ತು, ದಪ್ಪ ಮಫ್ಲರ್, ಒಂದು ಕಿವಿಗೆ ಹಾಡು, ಎರಡೂ ಕಿವಿಗೆ ಹಾಡು: ಹೀಗೆ ಐದು ಸ್ಥಿತಿ, ಪ್ರತಿಯೊಂದಕ್ಕೂ ಮೂರು ಅಳತೆ. ಹಾಡಿನ ಧ್ವನಿ ಮಟ್ಟ ಎಲ್ಲ ಸಲವೂ ಒಂದೇ ಆಗಿರಲಿ. ಕೋಷ್ಟಕದ ತಲೆಬರಹವನ್ನಷ್ಟೇ ಶಿಕ್ಷಕರು ಬರೆಯಬೇಕು, ಅಂಕಿಗಳನ್ನು ಮಕ್ಕಳೇ ತುಂಬಬೇಕು.

ವಿವರಣೆ. ಅಳತೆಯನ್ನು ಕಾಲಕ್ಕೆ ತಿರುಗಿಸಲು ಒಂದು ಲೆಕ್ಕ ಕೊಟ್ಟೆ. ಜೀಪು ಗಂಟೆಗೆ 36 ಕಿ.ಮೀ., ಅಂದರೆ ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಹಿಂದಿನಿಂದ ಬರುತ್ತಿದೆ. ಸೈಕಲ್ ವೇಗ ಗಂಟೆಗೆ 18 ಕಿ.ಮೀ., ಸೆಕೆಂಡಿಗೆ 5 ಮೀಟರ್. ಅಂತರ ಸೆಕೆಂಡಿಗೆ 5 ಮೀಟರಿನಂತೆ ಕಡಿಮೆಯಾಗುತ್ತದೆ. 60 ಮೀಟರ್ ದೂರದಲ್ಲೇ ಸದ್ದು ಕೇಳಿದರೆ ಬದಿಗೆ ಸರಿಯಲು 12 ಸೆಕೆಂಡು ಸಿಗುತ್ತದೆ; 20 ಮೀಟರಿಗೆ ಬಂದಾಗ ಕೇಳಿದರೆ 4 ಸೆಕೆಂಡು ಮಾತ್ರ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. 60 ಮೀಟರ್ ದಾಟಲು ಅದಕ್ಕೆ ಸೆಕೆಂಡಿನ ಐದನೇ ಒಂದು ಭಾಗವೂ ಬೇಡ. ತಡ ಶಬ್ದದ್ದಲ್ಲ, ಮುಚ್ಚಿದ ಕಿವಿಯದು.

“ಹಾಗಾದ್ರೆ ಒಂದೇ ಕಿವಿಗೆ ಹಾಕ್ಕೊಂಡ್ರೆ?” ಈ ಪ್ರಶ್ನೆ ಬಂದೇ ಬರುತ್ತದೆ. ಒಂದು ಬದಿಯಿಂದ ಬಂದ ಸದ್ದು ಎರಡು ಕಿವಿಗಳನ್ನು ಒಂದೇ ಕ್ಷಣದಲ್ಲಿ ಮುಟ್ಟುವುದಿಲ್ಲ. ವ್ಯತ್ಯಾಸ ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತ ಕಡಿಮೆ. ಆದರೂ ಮಿದುಳು ಅದನ್ನು ಮತ್ತು ಎರಡು ಕಿವಿಗಳಿಗೆ ಬಂದ ಸದ್ದಿನ ಏರಿಳಿತವನ್ನು ಹಿಡಿದು ದಿಕ್ಕು ಗುರುತಿಸುತ್ತದೆ. ಒಂದು ಕಿವಿಗೆ ಹಾಡು ತುಂಬಿದರೆ ಗಾಡಿ ಬರುತ್ತಿದೆ ಎಂಬುದು ತಿಳಿದರೂ ಎತ್ತಲಿಂದ ಎಂಬುದು ಗೊಂದಲವಾಗುತ್ತದೆ. ಮಂಜು ಕವಿದ ತಿರುವಿನಲ್ಲಿ ಬೇಕಾದದ್ದು ಆ ಉತ್ತರವೇ. ಸವಾರಿಯಲ್ಲಿ ಗಾಳಿಯ ಸದ್ದನ್ನು ಮೀರಲು ಧ್ವನಿ ಏರಿಸುತ್ತಾ ಹೋಗುವುದು ಇನ್ನೊಂದು ತೊಂದರೆ; ಅದು ಕಿವಿಯ ಆರೋಗ್ಯಕ್ಕೂ ಒಳ್ಳೆಯದಲ್ಲ.

ಚಟುವಟಿಕೆ 2. ಇದು ಮಫ್ಲರಿನ ಪ್ರಶ್ನೆಗಾಗಿ. ಒಂದು ಅಂಗೈ ಒದ್ದೆ, ಇನ್ನೊಂದು ಒಣ. ಎರಡಕ್ಕೂ ನೋಟ್‌ಬುಕ್ಕಿನಿಂದ ಗಾಳಿ ಬೀಸಬೇಕು. ಒದ್ದೆ ಅಂಗೈ ಹೆಚ್ಚು ತಣ್ಣಗಾಗುತ್ತದೆ, ಏಕೆಂದರೆ ನೀರು ಆವಿಯಾಗುವಾಗ ಚರ್ಮದ ಶಾಖವನ್ನು ಒಯ್ಯುತ್ತದೆ. ನಮ್ಮ ರಸ್ತೆಗಳಲ್ಲಿ ಏರು ಹತ್ತುವಾಗ ಬೆವರು, ಇಳಿಜಾರಿನಲ್ಲಿ ಗಾಳಿ. ಚಳಿ ಹಿಡಿಯುವುದು ಹೀಗೆ. ಇದರಿಂದ ಮಕ್ಕಳೇ ಹೊರತೆಗೆದ ಸೂತ್ರಗಳಿವು:

• ಏರಿನಲ್ಲಿ ಸ್ವೆಟರ್ ಗುಂಡಿ ಬಿಚ್ಚುವುದು, ಇಳಿಯುವ ಮೊದಲು ನಿಂತು ಹಾಕಿಕೊಳ್ಳುವುದು.
• ಒಂದು ದಪ್ಪ ಬಟ್ಟೆಗಿಂತ ಎರಡು ತೆಳು ಪದರ ಮೇಲು. ನಡುವೆ ಸಿಕ್ಕಿದ ಗಾಳಿ ಶಾಖವನ್ನು ತಡೆಹಿಡಿಯುತ್ತದೆ. ಎದೆಗೆ ಹಳೆಯ ದಿನಪತ್ರಿಕೆ ಮಡಿಸಿಟ್ಟರೂ ಗಾಳಿ ನಿಲ್ಲುತ್ತದೆ.
• ಕಿವಿಗೆ ಹತ್ತಿ ಬಟ್ಟೆಯ ಒಂದೇ ಸುತ್ತು. ಅದು ಗಾಳಿಯನ್ನು ತಡೆದಷ್ಟು ಸದ್ದನ್ನು ತಡೆಯುವುದಿಲ್ಲ. ತುದಿಗಳು ಚಕ್ರಕ್ಕೆ ಸಿಕ್ಕದಂತೆ ಒಳಗೆ ಸಿಕ್ಕಿಸಿಕೊಳ್ಳಬೇಕು.
• ಕೈಗವಸು ಬೇಕು, ಮರಗಟ್ಟಿದ ಬೆರಳು ಬ್ರೇಕ್ ಹಿಡಿಯುವುದಿಲ್ಲ. ಇಬ್ಬನಿಗೆ ಒದ್ದೆಯಾದ ರಿಮ್ಮಿನ ಮೇಲೂ ಬ್ರೇಕ್ ತಡವಾಗಿ ಹಿಡಿಯುತ್ತದೆ.

ವಿಸ್ತರಣೆ. ಫ್ರಾನ್ಸ್ 2015ರ ಜುಲೈಯಿಂದ ಸೈಕಲ್ ಸವಾರರು ಇಯರ್‌ಫೋನ್ ಹಾಕುವುದನ್ನು ನಿಷೇಧಿಸಿದೆ. ನೆದರ್ಲೆಂಡ್ಸ್ 2019ರ ಜುಲೈಯಿಂದ ನಿಷೇಧಿಸಿದ್ದು ಸವಾರಿಯಲ್ಲಿ ಫೋನ್ ಕೈಯಲ್ಲಿ ಹಿಡಿಯುವುದನ್ನು, ಹಾಡು ಕೇಳುವುದನ್ನಲ್ಲ. ನೆದರ್ಲೆಂಡ್ಸ್‌ನಲ್ಲಿ ಬಹಳ ಕಡೆ ಸೈಕಲ್ಲಿಗೆ ಪ್ರತ್ಯೇಕ ದಾರಿ ಇದೆ ಎಂದು ತಿಳಿಸಿ, “ನಮ್ಮ ರಸ್ತೆಗೆ ಯಾವ ನಿಯಮ ಹೊಂದುತ್ತದೆ, ಏಕೆ?” ಎಂದು ಗುಂಪು ಚರ್ಚೆಗೆ ಬಿಡಬಹುದು.

ಮೌಲ್ಯಮಾಪನ. ನಿಮ್ಮ ಮನೆಯಿಂದ ಶಾಲೆಗೆ ಬರುವ ದಾರಿಯ ನಕ್ಷೆ ಬರೆದು, ಕಣ್ಣಿಗಿಂತ ಮೊದಲು ಕಿವಿಗೆ ಗಾಡಿ ತಿಳಿಯುವ ಮೂರು ಜಾಗ ಗುರುತಿಸಿ.

ಆತ್ಮಾವಲೋಕನ

ನಕ್ಷೆಗಳನ್ನು ನೋಡಿದಾಗ ಮೊದಲ ಪಾಠದಲ್ಲಿ ನಾನು ಬಿಟ್ಟದ್ದು ಏನೆಂದು ತಿಳಿಯಿತು. ಅಪಾಯದ ತಿರುವುಗಳು ನನಗಿಂತ ಅವರಿಗೆ ಚೆನ್ನಾಗಿ ಗೊತ್ತಿದ್ದವು; ನಾನು ಕೇಳಿರಲಿಲ್ಲ. ಮಫ್ಲರಿನ ಪ್ರಶ್ನೆ ಕೇಳಿದ ಹುಡುಗಿಯೇ ಹತ್ತಿ ಬಟ್ಟೆಯ ಅಳತೆಯನ್ನು ಮತ್ತೆ ಮತ್ತೆ ಮಾಡಿಸಿ ಖಚಿತಪಡಿಸಿಕೊಂಡಳು.

ಈ ಪಾಠಕ್ಕೂ ಮಿತಿಯಿದೆ. ನಿಂತು ಅಳೆದದ್ದು ಸವಾರಿಯ ಅಳತೆಯಲ್ಲ. ವಿದ್ಯುತ್ ಸ್ಕೂಟರು ತೆರೆದ ಕಿವಿಗೂ ತಡವಾಗಿ ತಿಳಿಯುತ್ತದೆ. ಕಿವಿ ಮಂದವಾದ ಮಗುವೂ ಸೈಕಲ್ ಏರುತ್ತದೆ. ಆದ್ದರಿಂದ ಹಿಂದಕ್ಕೆ ನೋಡುವ ಅಭ್ಯಾಸವನ್ನೂ ಹ್ಯಾಂಡಲ್ಲಿಗೆ ಕನ್ನಡಿಯನ್ನೂ ಸೇರಿಸಿ ಹೇಳಬೇಕು.

ಒಬ್ಬ ಹುಡುಗ ಮಾತ್ರ ಒಪ್ಪಲಿಲ್ಲ: “ತೋಟದ ದಾರೀಲಿ ಒಬ್ನೇ ಬರ್ತೀನಿ ಮೇಡಂ, ಹಾಡು ಇದ್ರೆ ಧೈರ್ಯ.” ಅದಕ್ಕೆ ಭೌತವಿಜ್ಞಾನದಲ್ಲಿ ಉತ್ತರವಿಲ್ಲ. ಅದೇ ದಾರಿಯ ಕೊನೆಯಲ್ಲಿ ಸೇರುವ ಇಬ್ಬರನ್ನು ತರಗತಿಯಲ್ಲೇ ಗುರುತಿಸಿದೆವು. ಮಾರನೆಯ ದಿನದಿಂದ ಅವರು ಅವನಿಗಾಗಿ ಸ್ವಲ್ಪ ಮೇಲಕ್ಕೆ ಬಂದು ಕಾಯಲು ಒಪ್ಪಿದರು.