ನೀರುಚೀಲ ಕಂಡಾಕ್ಷಣ ಹೆಸರಿಡಬೇಡಿ

ಹೊಸದಾಗಿ ವೃತ್ತಿಗೆ ಬಂದ ಪಶುವೈದ್ಯರು ದನಗಳ ಹೈಡಾಟಿಡ್ ರೋಗದಲ್ಲಿ ಎಡವುವುದು ಚಿಕಿತ್ಸೆಯಲ್ಲಲ್ಲ, ಪತ್ತೆಯಲ್ಲಿ. ಎಕೈನೊಕಾಕಸ್ ಗ್ರ್ಯಾನುಲೋಸಸ್ ಎಂಬ ಈ ಲಾಡಿಹುಳು ಪ್ರಾಯಕ್ಕೆ ಬರುವುದು ನಾಯಿಯ ಕರುಳಲ್ಲಿ. ದನದೊಳಗೆ ಇರುವುದು ಅದರ ಮರಿಹಂತದ ಚೀಲ ಮಾತ್ರ. ಮುಂದಿನ ಸೂತ್ರಗಳೆಲ್ಲ ಇದನ್ನೇ ಹಿಡಿದು ನಡೆಯುತ್ತವೆ.

1. ಸಗಣಿಯಲ್ಲಿ ಹುಡುಕಬೇಡಿ. ಮೊಟ್ಟೆಯಿಡುವ ಹುಳು ದನದಲ್ಲಿ ಇಲ್ಲವೆಂದ ಮೇಲೆ ಸಗಣಿಯಲ್ಲಿ ಅದರ ಮೊಟ್ಟೆ ಎಲ್ಲಿಂದ ಬರಬೇಕು? ವರದಿಯಲ್ಲಿ 'ಇಲ್ಲ' ಎಂದಿದ್ದರೆ ಅದಕ್ಕೆ ಬೆಲೆಯಿಲ್ಲ.

2. ಬದುಕಿರುವ ಹಸುವಿನ ಬಗ್ಗೆ ರೈತರಿಗೆ ಖಡಾಖಂಡಿತ ಮಾತು ಕೊಡಬೇಡಿ. ಹೆಚ್ಚಿನ ದನಗಳಲ್ಲಿ ಯಾವ ಲಕ್ಷಣವೂ ಕಾಣುವುದಿಲ್ಲ. ಸ್ಕ್ಯಾನಿಂಗ್‌ನಲ್ಲಿ ಪಿತ್ತಜನಕಾಂಗದ ಚೀಲ ಸಿಗಬಹುದು. ಶ್ವಾಸಕೋಶದ ಗಾಳಿ ಶಬ್ದತರಂಗಕ್ಕೆ ಅಡ್ಡ ಬರುವುದರಿಂದ ಅಲ್ಲಿ ಆಳದಲ್ಲಿರುವ ಚೀಲ ತಪ್ಪಿಸಿಕೊಳ್ಳುತ್ತದೆ. ಎಲೈಸಾ ರಕ್ತಪರೀಕ್ಷೆಯೂ ಬೇರೆ ಲಾಡಿಹುಳುಗಳ ಸೋಂಕಿಗೆ 'ಇದೆ' ಎಂದುಬಿಡುತ್ತದೆ. ಹಿಂಡಿನ ಅಂದಾಜಿಗೆ ಅದು ಸರಿ, ಒಂದು ಹಸುವಿನ ತೀರ್ಪಿಗೆ ಸಾಲದು.

3. ಸತ್ತ ದನವನ್ನು ಬಿಚ್ಚಿ ನೋಡುವ ಅವಕಾಶ ಬಿಡಬೇಡಿ. ಬೇರೆ ಕಡೆ ಈ ರೋಗ ಹೆಚ್ಚಾಗಿ ಗೊತ್ತಾಗುವುದು ಕಸಾಯಿಖಾನೆಯಲ್ಲಿ. ಕರ್ನಾಟಕದ 2020ರ ಕಾಯ್ದೆಯಂತೆ ಹಸು, ಎತ್ತುಗಳ ವಧೆಗೆ ಅವಕಾಶವಿಲ್ಲ. 13 ವರ್ಷ ದಾಟಿದ ಎಮ್ಮೆ, ಕೋಣಗಳಿಗಷ್ಟೇ ಇದೆ. ಹಾಗಾಗಿ ನಮ್ಮಲ್ಲಿ ಹಸುವಿನ ಮರಣೋತ್ತರ ಪರೀಕ್ಷೆಗೆ ತೂಕ ಹೆಚ್ಚು. ವಿಮೆಗಾಗಿ ಬರೆಯುವ ವರದಿಯೆಂದು ಅರ್ಧಕ್ಕೇ ನಿಲ್ಲಿಸಬೇಡಿ.

4. ಕಣ್ಣಿಗಿಂತ ಕೈಗೆ ಕೆಲಸ ಕೊಡಿ. ಎರಡೂ ಶ್ವಾಸಕೋಶಗಳನ್ನು, ಪಿತ್ತಜನಕಾಂಗವನ್ನು ಬೆರಳುಗಳ ನಡುವೆ ಒತ್ತಿ ನೋಡಿ. ಆಮೇಲೆ ಗುಲ್ಮ, ಮೂತ್ರಪಿಂಡ, ಹೃದಯ.

5. ಹೋಲುವವುಗಳನ್ನು ಬೇರೆ ಮಾಡಿ. ನನ್ನ ಪ್ರಕಾರ ಹೆಚ್ಚಿನ ತಪ್ಪು ಆಗುವುದು ಇಲ್ಲೇ. ಕೀವು, ದುರ್ವಾಸನೆ ಇದ್ದರೆ ಅದು ಬಾವು. ಗಿಣ್ಣಿನಂಥ, ಸುಣ್ಣಗಟ್ಟಿದ ಗಂಟಾದರೆ ಕ್ಷಯವನ್ನೂ ನೆನೆಯಿರಿ: ಹತ್ತಿರದ ದುಗ್ಧಗ್ರಂಥಿ ಕೊಯ್ದು ನೋಡಿ, ಝೀಲ್-ನೀಲ್ಸನ್ ಬಣ್ಣ ಹಾಕಿಸಿ. ಹಳೆಯ ಹೈಡಾಟಿಡ್ ಚೀಲವೂ ಹೀಗೆಯೇ ಸುಣ್ಣಗಟ್ಟುತ್ತದೆ, ಮೋಸಹೋಗುವುದು ಸುಲಭ. ಉದರಪೊರೆಗೆ ಜೋತುಬಿದ್ದು, ಒಳಗೆ ಉದ್ದ ಕತ್ತಿನ ಒಂದೇ ಬಿಳಿ ತಲೆ ಕಾಣುವ ತೆಳುಚೀಲ ಟೀನಿಯಾ ಹೈಡಾಟಿಜಿನಾದ ಮರಿ. ಕುರಿ, ಮೇಕೆಗಳಲ್ಲಿ ಹೆಚ್ಚು. ದವಡೆ, ನಾಲಿಗೆ, ಹೃದಯ, ವಪೆಯ ಸ್ನಾಯುಗಳಲ್ಲಿ ಸೆಂಟಿಮೀಟರ್‌ಗಿಂತ ಚಿಕ್ಕ ಗುಳ್ಳೆ ಸಿಕ್ಕರೆ ಟೀನಿಯಾ ಸ್ಯಾಜಿನೇಟಾದ ಮರಿ ಇರಬಹುದು. ಆಗ ನಾಯಿಯನ್ನು ದೂರಿ ಫಲವಿಲ್ಲ: ಆ ಹುಳುವಿನ ಮನೆ ಮನುಷ್ಯನ ಕರುಳು, ವಿಚಾರಿಸಬೇಕಾದದ್ದು ಬಯಲು ಶೌಚದ ಬಗ್ಗೆ.

6. ಸಿರಿಂಜ್ ಮೊದಲು, ಚಾಕು ಆಮೇಲೆ. ಚೀಲದ ನೀರು ಒತ್ತಡದಲ್ಲಿರುತ್ತದೆ. ನೇರ ಕೊಯ್ದರೆ ಮುಖಕ್ಕೆ ಚಿಮ್ಮುತ್ತದೆ, ಮಾದರಿಯೂ ಹಾಳು. ನೀರು ಎಳೆದುಕೊಂಡ ಮೇಲೆ ಕೊಯ್ಯಿರಿ. ಬೇಯಿಸಿದ ಮೊಟ್ಟೆಯ ಬಿಳಿಯಂತೆ ನುಣುಪಾದ ಪೊರೆ ಸುಲಭವಾಗಿ ಕಳಚಿ ಬಂದರೆ ನಿಮ್ಮ ಅನುಮಾನ ಬಹುಪಾಲು ನಿಜ. ಸುಣ್ಣಗಟ್ಟಿದ್ದರೆ ಆ ಪದರಪೊರೆಯ ತುಣುಕನ್ನು ಪಿಎಎಸ್ ಬಣ್ಣದಲ್ಲಿ ಹುಡುಕಿಸಿ, ಕೆಂಪಾಗಿ ಎದ್ದು ಕಾಣುತ್ತದೆ.

7. ನೀರನ್ನು ಸುಮ್ಮನೆ ಇಡಿ. ತಳದಲ್ಲಿ ಕೂತ ಮರಳಿನಂಥ ಕಣಗಳನ್ನು ಸೂಕ್ಷ್ಮದರ್ಶಕದಡಿ ನೋಡಿ. ಕೊಕ್ಕೆಗಳಿರುವ ಪುಟ್ಟ ತಲೆಗಳು ಕಂಡರೆ ಚೀಲ ಫಲವಂತ. ಇಯೋಸಿನ್ ಬಣ್ಣ ಹೀರಿ ಕೆಂಪಾದವು ಸತ್ತವು, ಹೀರದವು ಜೀವಂತ. ಏನೂ ಕಾಣದಿದ್ದರೂ ರೋಗವಿಲ್ಲ ಎಂದು ಬರೆಯಬೇಡಿ. ದನಗಳ ಚೀಲಗಳಲ್ಲಿ ಬಹಳಷ್ಟು ಬಂಜೆಯೇ.

8. ಪೊರೆಯನ್ನು ಎರಡು ಪಾಲು ಮಾಡಿ: ಒಂದು 10% ಫಾರ್ಮಲಿನ್‌ಗೆ, ಇನ್ನೊಂದು ಎಥನಾಲ್‌ಗೆ. ಫಾರ್ಮಲಿನ್ ಡಿಎನ್‌ಎಯನ್ನು ಕೆಡಿಸುತ್ತದೆ, ಪಿಸಿಆರ್‌ಗೆ ಎರಡನೆಯದೇ ಬೇಕು. ದನದ ಶ್ವಾಸಕೋಶದಲ್ಲಿ ಫಲವಂತ ಚೀಲ ಸಿಕ್ಕರಂತೂ ಕಳಿಸಲೇಬೇಕು. ಅದು ದನದ ತಳಿಯಾದ ಎಕೈನೊಕಾಕಸ್ ಆರ್ಟ್ಲೆಪ್ಪಿಯೂ ಆಗಿರಬಹುದು.

9. ಚೀಲ ಖಚಿತವಾದ ಮೇಲೆ ಆ ಮನೆಯ ನಾಯಿ ಎಲ್ಲಿದೆ ಎಂದು ಕೇಳಿ. ಮನುಷ್ಯನಿಗೆ ಸೋಂಕು ತಗಲುವುದು ಹಸುವಿನ ಹಾಲಿನಿಂದಲ್ಲ, ನಾಯಿಯ ಮಲದಲ್ಲಿರುವ ಮೊಟ್ಟೆಯಿಂದ. ಈ ಮಾತನ್ನು ಮನೆಯವರಿಗೆ ಬಿಡಿಸಿ ಹೇಳಿ. ನಾಯಿಗೆ ಕಿಲೋ ತೂಕಕ್ಕೆ 5 ಮಿಲಿಗ್ರಾಂನಂತೆ ಪ್ರಾಜಿಕ್ವಾಂಟೆಲ್ ಕೊಡಿ. ಹೊಸ ಹುಳು ಮೊಟ್ಟೆಯಿಡಲು ಸುಮಾರು ಆರು ವಾರ ಬೇಕು, ಮುಂದಿನ ಗುಳಿಗೆ ಅಷ್ಟರೊಳಗೇ ಬೀಳಲಿ. ನೀವು ಕೊಯ್ದ ಶ್ವಾಸಕೋಶವನ್ನು ಮಾತ್ರ ಬೇಲಿಯಾಚೆ ಎಸೆದು ಬರಬೇಡಿ. ಸುಡಿಸಿ, ಇಲ್ಲವೇ ನಾಯಿ ಕೆದಕಲಾಗದಷ್ಟು ಆಳಕ್ಕೆ ಹೂಳಿಸಿ; ಗುಂಡಿ ಮುಚ್ಚುವವರೆಗೂ ಅಲ್ಲೇ ನಿಂತಿರಿ.