ಮುರುಗಲ ಸಿಪ್ಪೆಯ ಸಾರವೂ ಮೊಡವೆಯ ಪರೀಕ್ಷೆಯೂ

ಖಾನಾಪುರ ತಾಲೂಕಿನ ಜಾಂಬೋಟಿ, ಕಣಕುಂಬಿಗಳ ಮಲೆಸೀಮೆಯಲ್ಲಿ ಮುರುಗಲ ಮರವನ್ನು ಅರಿಯದವರು ವಿರಳ. ಇದರ ಹಣ್ಣಿನ ಸಿಪ್ಪೆಯನ್ನು ಒಣಗಿಸಿ ಅಮಸೂಲವೆಂದು ಅಡಿಗೆಗೆ ಬಳಸುವದೂ, ಬೀಜದ ತುಪ್ಪವನ್ನು ಒಡೆದ ಹಿಮ್ಮಡಿಗೆ ಹಚ್ಚುವದೂ ಹಳೆಯ ರೂಢಿಯೇ. ಸಿಪ್ಪೆಯ ಸಾರವು ಉತ್ಕರ್ಷಣವನ್ನು ತಡೆಯುವದೆಂದೂ ಮೊಡವೆಯನ್ನು ನೀಗುವದೆಂದೂ ಹೇಳಿ ಸರಕು ಕೇಳುವವರು ಊರಿಗೆ ಬಂದಲ್ಲಿ, ಆ ಮಾತು ಯಾವ ಪರೀಕ್ಷೆಯಿಂದ ಹುಟ್ಟಿತೆಂಬದನ್ನು ಗೌಡರೂ ಜಮೀನುದಾರರೂ ಅರಿತಿರತಕ್ಕದ್ದು.

ಎಣ್ಣೆಯು ಗಾಳಿ ತಗಲಿ ಕನರುವದು ಉತ್ಕರ್ಷಣದ ಒಂದು ರೂಪ. ಇದನ್ನು ತಡೆಯುವ ಶಕ್ತಿಯನ್ನು ಅಳೆಯಲು ಡಿ.ಪಿ.ಪಿ.ಎಚ್. ಎಂಬ ನೇರಳೆ ಬಣ್ಣದ ದ್ರಾವಣಕ್ಕೆ ಸಾರವನ್ನು ಬೆರಸುವರು. ಸಾರದಲ್ಲಿ ಶಕ್ತಿಯಿದ್ದರೆ ನೇರಳೆಯು ಕಳೆದು ಹಳದಿಯಾಗುವದು. ಆ ಇಳಿತವನ್ನು 517 ನ್ಯಾನೋಮೀಟರಿನ ಬೆಳಕಿನಲ್ಲಿ ಅಳೆದು, ಸಿ ಜೀವಸತ್ವದೊಡನೆ ಹೋಲಿಸುವರು. ಮುರುಗಲಿನ ವಿಷಯದಲ್ಲಿ ಇಲ್ಲೊಂದು ತೊಡಕುಂಟು. ಅದರ ಕೆಂಪು ಬಣ್ಣವು ತಾನೂ ಬಹುಮಟ್ಟಿಗೆ ಅದೇ ಬೆಳಕನ್ನು ಹೀರುವದರಿಂದ, ಸಾರವನ್ನಷ್ಟೇ ಬೇರೆಯಾಗಿ ಅಳೆದು ಕಳೆಯದಿದ್ದರೆ ಲೆಕ್ಕ ತಪ್ಪುವದು. ಮೇಲಾಗಿ ಆ ಕೆಂಪು ನೀರಿನಲ್ಲಿ ಕರಗತಕ್ಕದ್ದು. ಗಾರ್ಸಿನಾಲ್ ಎಂಬ ಮುಖ್ಯ ದ್ರವ್ಯವಾದರೋ ನೀರಿಗೆ ಬಗ್ಗದೆ ಮದ್ಯಸಾರದಲ್ಲಿ ಕರಗುವದು. ಆದ್ದರಿಂದ ಮದ್ಯಸಾರದ ಫಲವನ್ನು ತೋರಿಸಿ ಶರಬತ್ತನ್ನು ಹೊಗಳುವದು ಸರಿಯಲ್ಲ.

ಮೊಡವೆಯ ಪರೀಕ್ಷೆ ಬೇರೆ. ರೋಮಕೂಪದ ಜಿಡ್ಡಿನಲ್ಲಿ ವಾಸಿಸುವ ಕ್ಯುಟಿಬ್ಯಾಕ್ಟೀರಿಯಂ ಆಕ್ನೆಸ್ ಎಂಬ ಸೂಕ್ಷ್ಮಜೀವಿಯನ್ನು ಗಾಳಿಯಿಲ್ಲದ ಪಾತ್ರೆಯಲ್ಲಿ ಬೆಳೆಸಿ, ಸಾರವನ್ನು ಇಟ್ಟ ಸುತ್ತಲೂ ಬೆಳೆ ನಿಂತ ವರ್ತುಲವನ್ನು ಅಳೆಯುವರು. ಪಕ್ಕದಲ್ಲಿ ಕ್ಲಿಂಡಾಮೈಸಿನ್ ಔಷಧವನ್ನೂ, ಬರಿಯ ಮದ್ಯಸಾರವನ್ನೂ ಇಡತಕ್ಕದ್ದು. ಮುರುಗಲು ಬಲು ಹುಳಿ. ಹುಳಿಯೊಂದೇ ಜೀವಿಯನ್ನು ತಡೆಯಬಹುದು. ಹುಳಿಯನ್ನು ಸಮಗೊಳಿಸಿದ ಮೇಲೂ ವರ್ತುಲ ಉಳಿದರೆ ಮಾತ್ರ ಅದು ಬೇರೆ ಗುಣವೆನ್ನಬಹುದು. ವರ್ತುಲ ದೊಡ್ಡದಾದಷ್ಟೂ ಮದ್ದು ಹೆಚ್ಚೆಂದು ಎಣಿಸಲಾಗದು, ಏಕೆಂದರೆ ಕೆಲವು ದ್ರವ್ಯಗಳು ಬೇಗ ಹರಡುವವು. ಅಷ್ಟಾದರೂ ಗಾಜಿನ ತಟ್ಟೆಯು ಚರ್ಮವಲ್ಲ. ಮೊಡವೆಗೆ ಜಿಡ್ಡು, ಕೂಪ ಮುಚ್ಚುವಿಕೆ, ಉರಿಯೂತ ಇವೂ ಕಾರಣಗಳು. ಹುಳಿರಸವನ್ನು ಮುಖಕ್ಕೆ ಬಳಿದು ಉರಿ ತಂದುಕೊಳ್ಳಬಾರದು.

ಪರೀಕ್ಷೆಗೆ ಕೊಡುವ ಸಿಪ್ಪೆಗೆ ಉಪ್ಪು ತಗಲಿಸಬಾರದು. ಬೂಷ್ಟು ಹಿಡಿದದ್ದು ಕೆಲಸಕ್ಕೆ ಬಾರದು. ಮಳೆಗೆ ಮುನ್ನ, ಏಪ್ರಿಲ್, ಮೇ ತಿಂಗಳಲ್ಲಿ ಪಕ್ವವಾದ ಹಣ್ಣನ್ನು ಆಯ್ದು, ಮರದ ಗುರುತು, ಸ್ಥಳ, ದಿನಾಂಕಗಳನ್ನು ಬರೆದು, ಎಲೆಯುಳ್ಳ ಒಂದು ಟಿಸಿಲನ್ನು ಕಾಗದದಲ್ಲಿ ಒತ್ತಿ ಜೊತೆಗಿಡುವದು. ಈ ಟಿಸಿಲಿಲ್ಲದೆ ಯಾವ ಮರದ ಸಾರವೆಂದು ಮುಂದೆ ಯಾರೂ ಹೇಳಲಾರರು. 2006ರಲ್ಲಿ ಸ್ಥಾಪಿತವಾದ ಬೆಳಗಾವಿಯ ರಾಷ್ಟ್ರೀಯ ಪಾರಂಪರಿಕ ವೈದ್ಯಕೀಯ ಸಂಸ್ಥೆಯು ಔಷಧ ಸಸ್ಯಗಳ ಸಂಶೋಧನೆಯನ್ನೇ ಮಾಡತಕ್ಕದ್ದು.

ಸಾರಕ್ಕೆ ಬೇಕಾದದ್ದು ಸಿಪ್ಪೆ. ಅದಕ್ಕಾಗಿ ಕೊಂಬೆ ಕಡಿದು ಹಣ್ಣು ಇಳಿಸುವವರನ್ನು ತೋಟದೊಳಗೆ ಬಿಡಲಾಗದು. ಬೀಜದಿಂದ ಎದ್ದ ಗಿಡವು ಫಲಕ್ಕೆ ಬರಲು 7–8 ವರ್ಷ ಬೇಕು. ಅರಣ್ಯದ ಮರಕ್ಕೆ ಅರಣ್ಯ ಖಾತೆಯ ಅಪ್ಪಣೆ ಬೇರೆ. 2002ರ ಜೀವವೈವಿಧ್ಯ ಕಾಯಿದೆಯ 41ನೆಯ ಕಲಮಿನಂತೆ ಪ್ರತಿ ಪಂಚಾಯತಿಯಲ್ಲಿ ಸಮಿತಿಯೊಂದಿರತಕ್ಕದ್ದು. ವ್ಯಾಪಾರಕ್ಕಾಗಿ ಸಂಗ್ರಹಿಸುವವರಿಂದ ಶುಲ್ಕ ಪಡೆಯಲು ಅದಕ್ಕೆ ಅಧಿಕಾರವುಂಟು. ಸರಕು ಕೇಳಬಂದವರನ್ನು ಮೊದಲು ಆ ಸಮಿತಿಯ ಮುಂದೆ ಕರೆತರತಕ್ಕದ್ದು.