ಕಪ್ಪೆ ಚರ್ಮದ ಪೆಪ್ಟೈಡ್ ಮತ್ತು ಸೆಪ್ಟಿಕ್ ಶಾಕ್

ಸೋಂಕಿಗೆ ದೇಹದ ಪ್ರತಿಕ್ರಿಯೆ ಹದ ತಪ್ಪಿ ಅಂಗಾಂಗಗಳು ಸೋಲುವುದೇ ಸೆಪ್ಸಿಸ್. ದ್ರವ ಕೊಟ್ಟರೂ ರಕ್ತದೊತ್ತಡ ಏರದಿದ್ದರೆ ಸೆಪ್ಟಿಕ್ ಶಾಕ್. ಗ್ರಾಂ-ಋಣ ಬ್ಯಾಕ್ಟೀರಿಯಾದ ಹೊರಪೊರೆಯಲ್ಲಿರುವ ಎಂಡೋಟಾಕ್ಸಿನ್ ಇದರ ಮುಖ್ಯ ಪ್ರಚೋದಕಗಳಲ್ಲೊಂದು. ಬ್ಯಾಕ್ಟೀರಿಯಾ ಸತ್ತರೂ ಈ ವಿಷ ಉಳಿಯುತ್ತದೆ. ಪುಟ್ಟ ಪ್ರೋಟೀನ್ ತುಣುಕುಗಳಾದ ಧನಾವೇಶದ ಪೆಪ್ಟೈಡ್‌ಗಳ ಹೆಚ್ಚುಗಾರಿಕೆ ಇಲ್ಲೇ: ಬ್ಯಾಕ್ಟೀರಿಯಾದ ಪೊರೆ ಸೀಳುವುದಷ್ಟೇ ಅಲ್ಲ, ಅವುಗಳಲ್ಲಿ ಕೆಲವು ಈ ವಿಷವನ್ನೂ ಹಿಡಿದಿಡುತ್ತವೆ. ಮಾನವನಲ್ಲಿ ಎಲ್‌ಎಲ್-37 ಇಂಥದ್ದು. 1987ರಲ್ಲಿ ಮೈಕೆಲ್ ಜಾಸ್ಲಾಫ್ ಆಫ್ರಿಕಾದ ಕಪ್ಪೆಯ ಚರ್ಮದಲ್ಲಿ ಮ್ಯಾಗೈನಿನ್ ಎಂಬ ಪೆಪ್ಟೈಡ್ ಕಂಡರು.

ನಮ್ಮ ನೆಲದ ಕಪ್ಪೆಯನ್ನೂ ಮರೆಯಬೇಡಿ. ಪಶ್ಚಿಮಘಟ್ಟದ ಹೈಡ್ರೊಫೈಲ್ಯಾಕ್ಸ್ ಬಹುವಿಸ್ತಾರ ಕಪ್ಪೆಯಿಂದ 2017ರಲ್ಲಿ ‘ಉರುಮಿನ್’ ಎಂಬ ಪೆಪ್ಟೈಡ್ ವರದಿಯಾಯಿತು. ಹೆಸರು ಕೇರಳದ ಬಳುಕುವ ಕತ್ತಿ ಉರುಮಿಯಿಂದ. ಇದು ಕೊಲ್ಲುವುದು ಎಚ್1 ಫ್ಲೂ ವೈರಸ್ಸನ್ನು. ಇದನ್ನು ಸೆಪ್ಸಿಸ್ ಔಷಧವೆಂದು ಭಾವಿಸಬೇಡಿ. ಇಂಥವನ್ನು ಔಷಧವಾಗಿಸಲು, ರಕ್ತದಲ್ಲಿ ಪೆಪ್ಟೈಡ್ ಬೇಗ ಒಡೆದುಹೋಗುವುದು ದೊಡ್ಡ ತೊಡಕು.